ಆರಿಸುವವರ ಹೆಸರು ಕಾಣಲಿ

ಪ್ರಿಯ ಓದುಗರೇ,

ವಿಡಿಯೊ ತಾಣಗಳಲ್ಲಿ ಒಳ್ಳೆಯದನ್ನು ಆರಿಸಿ ಮುಂದಿಡುವ ಜನ ಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ‘ಜನ ಬೇಕಾದ್ದನ್ನು ತಾವೇ ಆರಿಸಿಕೊಳ್ಳುತ್ತಾರೆ, ನಡುವೆ ಇನ್ನೊಬ್ಬರು ಯಾಕೆ?’ ಎಂದು ನೀವು ಕೇಳಿದ್ದೀರಿ.

ಈಗ ಜನರೇ ಆರಿಸುತ್ತಿದ್ದಾರಾ? ಯೂಟ್ಯೂಬಿನಲ್ಲಿ ಜನ ಕಳೆಯುವ ಸಮಯದ ಶೇ. 70ಕ್ಕೂ ಜಾಸ್ತಿ ಪಾಲು ತಾಣವೇ ಶಿಫಾರಸು ಮಾಡಿದ ವಿಡಿಯೊಗಳಿಗೇ ಹೋಗುತ್ತದೆ ಎಂದು 2018ರಲ್ಲಿ ಕಂಪನಿಯೇ ಹೇಳಿತ್ತು. ಆರಿಸುವ ಕೆಲಸ ಆಗಲೇ ಬೇರೆಯವರ ಕೈಗೆ ಹೋಗಿದೆ. ಅದು ಯಾರು, ಯಾಕೆ ಆರಿಸಿದರು ಅನ್ನೋದು ಮಾತ್ರ ನಮಗೆ ಕಾಣುವುದಿಲ್ಲ.

ಮೊದಲು ಯೂಟ್ಯೂಬಿನವರು ವ್ಯೂಸ್ ನೋಡಿ ವಿಡಿಯೊಗಳನ್ನು ಮೇಲೆ ತರುತ್ತಿದ್ದರು. ಥಂಬ್‌ನೇಲಿನಲ್ಲಿ, ಅಂದರೆ ವಿಡಿಯೊದ ಮುಖಚಿತ್ರದಲ್ಲಿ, ಆಸೆ ತೋರಿಸಿ ಒಳಗೆ ಏನೂ ಇಲ್ಲದ ವಿಡಿಯೊಗಳು ಗೆದ್ದವು. 2012ರಲ್ಲಿ, ಎಷ್ಟು ಹೊತ್ತು ನೋಡಿದರು ಅನ್ನೋದಕ್ಕೆ ಹೆಚ್ಚು ಬೆಲೆ ಕೊಟ್ಟರು. ಅದು ಸುಧಾರಣೆಯೇ. ಆದರೂ ಒಂದು ಕಾಯಿಲೆಯ ಬಗ್ಗೆ ವೈದ್ಯರೊಬ್ಬರು ಮೂರು ನಿಮಿಷದಲ್ಲಿ ಸರಿಯಾಗಿ ವಿವರಿಸಿ ಮುಗಿಸುತ್ತಾರೆ, ಇನ್ನೊಬ್ಬರು ಹೆದರಿಸುತ್ತಾ ಇಪ್ಪತ್ತು ನಿಮಿಷ ಕೂರಿಸುತ್ತಾರೆ. ಹೊತ್ತು ಅಳೆದರೆ ಎರಡನೆಯವರದ್ದೇ ಮೇಲುಗೈ. ಆಮೇಲೆ ನೋಡುಗರ ಅಭಿಪ್ರಾಯವನ್ನೂ ಲೆಕ್ಕಕ್ಕೆ ಸೇರಿಸಿದರು, ನಿಜ. ಆದರೆ ಇಷ್ಟವಾದದ್ದೆಲ್ಲ ಸರಿಯಾದ ಮಾಹಿತಿ ಆಗಿರಬೇಕಿಲ್ಲ, ಅಲ್ವಾ? ಅದನ್ನು ವಿಷಯ ಬಲ್ಲವರು ನೋಡಿಯೇ ಹೇಳಬೇಕು.

ಯೂಟ್ಯೂಬಿಗೆ ನಿಮಿಷಕ್ಕೆ 500 ಗಂಟೆಗೂ ಹೆಚ್ಚು ವಿಡಿಯೊ ಬರುತ್ತದೆ, ಯಾರು ನೋಡಿ ಮುಗಿಸುತ್ತಾರೆ ಅಂತ ನೀವು ಕೇಳಬಹುದು. ಎಲ್ಲವನ್ನೂ ನೋಡಬೇಕಾಗಿಲ್ಲ. ರಾಶಿಯನ್ನು ಯಂತ್ರ ಸೋಸಲಿ. ಉಳಿದದ್ದರಲ್ಲಿ ಗಣಿತದ ಪಾಠಗಳನ್ನು ಗಣಿತದ ಮೇಷ್ಟ್ರು ಆರಿಸಲಿ, ಆರೋಗ್ಯದ್ದನ್ನು ವೈದ್ಯರು ಆರಿಸಲಿ. ವಿಮಿಯೊ ಎಂಬ ವಿಡಿಯೊ ತಾಣದಲ್ಲಿ ಸಿಬ್ಬಂದಿಯೇ ನೋಡಿ ಆರಿಸುವ ‘ಸ್ಟಾಫ್ ಪಿಕ್ಸ್’ 2008ರಲ್ಲೇ ಶುರುವಾಗಿತ್ತು. ಮನುಷ್ಯರು ಆರಿಸಿದ್ದನ್ನು ಮಾತ್ರ ಮಕ್ಕಳಿಗೆ ತೋರಿಸುವ ಅವಕಾಶವನ್ನು ಯೂಟ್ಯೂಬ್ ಕಿಡ್ಸ್ 2018ರಲ್ಲಿ ಪೋಷಕರಿಗೆ ಕೊಟ್ಟಿತು. ದೊಡ್ಡವರಿಗೂ ಅಂಥದ್ದೊಂದು ಆಯ್ಕೆ ಇರಲಿ ಅನ್ನುವುದೇ ನಮ್ಮ ಕೋರಿಕೆ.

ಆರಿಸುವವರು ತಮ್ಮವರನ್ನೇ ಮುಂದೆ ತಂದರೆ? ಈ ಭಯ ನಮಗೂ ಇದೆ. ಅದಕ್ಕೇ ಪ್ರತಿ ಆಯ್ಕೆಯ ಕೆಳಗೆ ಆರಿಸಿದವರ ಹೆಸರು, ಎರಡು ಸಾಲಿನ ಕಾರಣ ಇರಬೇಕು. ಆಗಾಗ ಆರಿಸುವವರು ಬದಲಾಗಬೇಕು. ಆಯ್ಕೆಯಾಗದ ವಿಡಿಯೊಗಳನ್ನು ಯಾರೂ ತೆಗೆದುಹಾಕಬಾರದು. ಹುಡುಕುವವರಿಗೆ ಅವೂ ಸಿಗಲಿ.

ಮುಂದಿನ ಸಂಚಿಕೆಯಿಂದ ನಾವೂ ಕೆಲವು ವಿಡಿಯೊಗಳನ್ನು ಹೀಗೆಯೇ ಹೆಸರು, ಕಾರಣಗಳ ಜೊತೆ ಪರಿಚಯಿಸುತ್ತೇವೆ. ಆಯ್ಕೆ ಸರಿಯಿಲ್ಲ ಅನ್ನಿಸಿದರೆ ಬರೆಯಿರಿ. ನಿಮ್ಮ ಪತ್ರವನ್ನು ಅದೇ ಪುಟದಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕರು