ತೂಕವೇ ಅನ್ನಿಸದ ಅಂತರಿಕ್ಷ ನಿಲ್ದಾಣದಲ್ಲಿ ಗಗನಯಾತ್ರಿಗಳು ತಮ್ಮ ದ್ರವ್ಯರಾಶಿಯನ್ನು ಹೇಗೆ ಅಳೆಯುತ್ತಾರೆ?

ತಳ್ಳಿ ನೋಡಿ ಅಳೆಯುತ್ತಾರೆ. ಅಲ್ಲಿ ಸಾಮಾನ್ಯ ತೂಕದ ಯಂತ್ರ ಸೊನ್ನೆ ತೋರಿಸುತ್ತದೆ, ತಕ್ಕಡಿಯೂ ಕೆಲಸ ಮಾಡುವುದಿಲ್ಲ.

ದ್ರವ್ಯರಾಶಿ ಎಂದರೆ ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣ. ಅದರ ಮಾನ ಕಿಲೋಗ್ರಾಂ. ತೂಕ ಎಂದರೆ ಆ ದ್ರವ್ಯರಾಶಿಯನ್ನು ಗುರುತ್ವ ಎಳೆಯುವ ಬಲ. ಅದರ ಮಾನ ನ್ಯೂಟನ್. 50 ಕಿಲೋಗ್ರಾಂನ ವಿದ್ಯಾರ್ಥಿಯ ತೂಕ ಭೂಮಿಯಲ್ಲಿ ಸುಮಾರು 490 ನ್ಯೂಟನ್, ಚಂದ್ರನ ಮೇಲೆ ಸುಮಾರು 81 ನ್ಯೂಟನ್. ಕಿಲೋಗ್ರಾಂ ಮಾತ್ರ ಎರಡೂ ಕಡೆ 50.

ಅಂತರಿಕ್ಷದಲ್ಲಿ ಗುರುತ್ವ ಇಲ್ಲ ಎಂದು ಬಹಳ ಮಕ್ಕಳು ಬರೆಯುತ್ತಾರೆ. ಈ ತಪ್ಪನ್ನು ಮೊದಲು ತಿದ್ದಬೇಕು. ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಗುರುತ್ವ ನೆಲದ ಮೇಲಿನದರ ಸುಮಾರು ಶೇ. 89ರಷ್ಟಿದೆ. ನಿಲ್ದಾಣವೂ ಒಳಗಿನವರೂ ಒಟ್ಟಿಗೆ ಭೂಮಿಯತ್ತ ಬೀಳುತ್ತಲೇ ಇರುತ್ತಾರೆ, ಆದರೆ ಅಡ್ಡ ವೇಗ ಎಷ್ಟಿದೆಯೆಂದರೆ, ಅವರು ಬಿದ್ದಷ್ಟೂ ಭೂಮಿಯ ಬಾಗಿದ ಮೇಲ್ಮೈ ಕೆಳಗೆ ಸರಿಯುತ್ತಾ ಹೋಗುತ್ತದೆ. ಜತೆಗೇ ಬೀಳುವ ನೆಲ ಪಾದವನ್ನು ಒತ್ತುವುದಿಲ್ಲ, ಹಾಗಾಗಿ ತೇಲಿದಂತೆ ಅನ್ನಿಸುತ್ತದೆ.

ಅಳತೆಗೆ ನೆರವಾಗುವುದು ನ್ಯೂಟನ್‌ನ ಎರಡನೆಯ ನಿಯಮ: ಬಲ = ದ್ರವ್ಯರಾಶಿ × ವೇಗೋತ್ಕರ್ಷ (ವೇಗ ಬದಲಾಗುವ ದರ). ಸ್ಪ್ರಿಂಗಿನಿಂದ ಗೊತ್ತಿರುವಷ್ಟು ಬಲ ಹಾಕಿ, ವ್ಯಕ್ತಿ ಎಷ್ಟು ವೇಗೋತ್ಕರ್ಷ ಪಡೆದನೆಂದು ಉಪಕರಣ ಅಳೆಯುತ್ತದೆ. ಭಾಗಿಸಿದರೆ ದ್ರವ್ಯರಾಶಿ ಸಿಗುತ್ತದೆ. 1973ರ ಅಮೆರಿಕದ ಅಂತರಿಕ್ಷ ನಿಲ್ದಾಣ ಸ್ಕೈಲ್ಯಾಬ್‌ನಲ್ಲಿ ಸ್ಪ್ರಿಂಗಿಗೆ ಜೋಡಿಸಿದ ಕುರ್ಚಿಯೇ ಇತ್ತು: ದ್ರವ್ಯರಾಶಿ ಹೆಚ್ಚಿದಷ್ಟೂ ಅದರ ಓಲಾಟ ನಿಧಾನ. ತಿಂಗಳುಗಟ್ಟಲೆ ಅಲ್ಲಿರುವವರ ಸ್ನಾಯು ಕರಗುತ್ತಿದೆಯೇ ಎಂದು ವೈದ್ಯರು ಗಮನಿಸಲು ಈ ಅಳತೆ ಬೇಕೇಬೇಕು.