ಪುಣೆಯ ಕೊಳಕ್ಕೆ ಉಡುಪಿಯ ಕಲ್ಲು ಯಾಕೆ?

ಪ್ರಶ್ನೆ: ಪುಣೆಯ ಬಾವಧನ್‌ನಲ್ಲಿ ನಮ್ಮ ಮನೆ. ಹಿತ್ತಿಲಲ್ಲಿ ಪುಟ್ಟ ಕೊಳ, ಸಣ್ಣದೊಂದು ಜಲಪಾತ ಮಾಡಿಸುವ ಆಸೆ. ಸಹಜವಾಗಿ ಕಾಣಬೇಕು. ಊರಿಂದ, ಅಂದರೆ ಉಡುಪಿಯಿಂದ, ಮುರಕಲ್ಲು ತರಿಸಲೇ? ಕಂಟ್ರಾಕ್ಟರ್ ಮಾತ್ರ ಅಮೃತಶಿಲೆ ಚೂರು ಚೆಂದ ಅಂತಾರೆ.

ಉತ್ತರ: ದೂರದಿಂದ ಕಲ್ಲು ತರಿಸಲೇ ಅಂತ ಮತ್ತದೇ ಪ್ರಶ್ನೆ. ಕಲ್ಲಿನ ಹೆಸರಷ್ಟೇ ಬದಲು. ಪುಣೆ ಕೂತಿರುವುದೇ ಕರಿಕಲ್ಲಿನ ಮೇಲೆ. ಸುತ್ತಲಿನ ಬೆಟ್ಟ, ಪಾತಾಳೇಶ್ವರದ ಗುಹೆ, ಎಲ್ಲ ಬಸಾಲ್ಟ್ ಎಂಬ ಈ ಕರಿಕಲ್ಲೇ. ಅದರ ನಡುವೆ ಕೆಂಪು ಮುರಕಲ್ಲು ಲಾರಿಯಿಂದ ಜಾರಿ ಬಿದ್ದ ಹಾಗೆ ಕಾಣುತ್ತದೆ. ಮೈಯೆಲ್ಲ ತೂತು ಬೇರೆ, ಪಾಚಿ ಹಿಡಿದರೆ ಉಜ್ಜಿ ತೆಗೆಯಲಾಗದು. ನೀವು ಗೋವಾದಲ್ಲಿದ್ದಿದ್ದರೆ ಹೂಂ ಅನ್ನುತ್ತಿದ್ದೆ. ಅಲ್ಲಿ ನೆಲವೇ ಅದು.

ಅಮೃತಶಿಲೆ ಸುಣ್ಣದ ಕಲ್ಲು. ನಿಧಾನವಾಗಿ ಕರಗಿ ನೀರನ್ನು ಗಡುಸು ಮಾಡುತ್ತದೆ. ಅನುಮಾನವಿದ್ದರೆ ಕಲ್ಲಿನ ಮೇಲೆ ವಿನೆಗರ್ ಹನಿಸಿ. ಗುಳ್ಳೆ ಎದ್ದರೆ ವಾಪಸ್ ಕಳಿಸಿ. ಸಿಮೆಂಟಿನ ನಕಲಿ ಬಂಡೆಯೂ ಬೇಡ. ಹೊಸ ಸಿಮೆಂಟ್ ಸುಣ್ಣ ಬಿಡುತ್ತದೆ, ಮೀನು ಸಾಯುತ್ತವೆ.

ಕರಿಕಲ್ಲಲ್ಲೂ ಕ್ವಾರಿಯಲ್ಲಿ ಆಗಷ್ಟೇ ಸಿಡಿಸಿದ್ದು ಬೇಡ. ಚೂಪು ಅಂಚು, ನೀರು ಇಂಗದಂತೆ ಕೊಳದ ತಳಕ್ಕೆ ಹಾಸುವ ಹಾಳೆಯನ್ನು ಹರಿಯುತ್ತದೆ. ಪಾಯ ತೋಡುವಾಗ ಸಿಗುವ, ಮೈ ಮಾಸಿದ ಗುಂಡುಕಲ್ಲು ಕೇಳಿ. ದೊಡ್ಡವು ಮೂರ್ನಾಲ್ಕು, ಮಧ್ಯಮದವು ಜಾಸ್ತಿ, ಸಂದಿಗೆ ಸಣ್ಣವು. ದೊಡ್ಡವನ್ನು ಮೂರನೇ ಒಂದು ಭಾಗ ಮಣ್ಣಲ್ಲಿ ಹೂಳಿ. ಸುಮ್ನೆ ಸುತ್ತಲೂ ಸಾಲಾಗಿ ಜೋಡಿಸಿದರೆ ಬಾವಿಕಟ್ಟೆ ಆದೀತು, ಕೊಳವಲ್ಲ.

ತಳಕ್ಕೆ 1 ಮಿ.ಮೀ. ದಪ್ಪದ ಇಪಿಡಿಎಂ ರಬ್ಬರ್ ಹಾಳೆ, ಅದರಡಿ ದಪ್ಪ ಬಟ್ಟೆಯ ಹಾಸು. ನೀಲಿ ತಾಡಪತ್ರಿ ಸಾಕು ಅನ್ನುವವರನ್ನು ಗೇಟಿನಿಂದಲೇ ಕಳಿಸಿ. ಪುಣೆಯ ಬೇಸಿಗೆ ಬಿಸಿಲಿಗೆ ಅದು ಪುಡಿಪುಡಿ.

ಜಲಪಾತದ ತುದಿಗೆ ಚಪ್ಪಟೆ ಕಲ್ಲು, ತುಸು ಮುಂದಕ್ಕೆ ಬಾಗಿರಲಿ. ಅದರಡಿಯ ಸಂದಿಯನ್ನು ಹಾಳೆಯ ಸಮೇತ, ಉಬ್ಬಿ ಸಂದಿ ತುಂಬುವ ಫೋಮ್‌ನಿಂದ ಮುಚ್ಚಿಸಿ. ಇದನ್ನು ಬಿಟ್ಟರೆ ನೀರು ಕಲ್ಲಿನ ಮೇಲೆ ಬರುವುದೇ ಇಲ್ಲ, ಅಡಿಯಲ್ಲೇ ನುಸುಳಿ ಹೋಗುತ್ತದೆ. ಪಂಪ್ ಗುಂಯ್ ಅನ್ನುತ್ತಿರುತ್ತದೆ, ಕಲ್ಲು ಒಣಗಿರುತ್ತದೆ. ಹಾಳೆಯ ಅಂಚು ಒಂದಿಂಚೂ ಹೊರಗೆ ಕಾಣಬಾರದು. ಕಂಡರೆ ಎಷ್ಟು ಒಳ್ಳೆಯ ಕಲ್ಲಿದ್ದರೂ ದಂಡ.

ಪ್ರಶ್ನೆ: ತಾಮ್ರದ ಚೊಂಬು ಮುಳುಗಿಸಿಟ್ಟರೆ ಪಾಚಿ ಬರಲ್ವಂತೆ?

ಉತ್ತರ: ಹಾಗಂದವರ ಕೊಳದಲ್ಲಿ ಮೀನಿದೆಯಾ ಕೇಳಿ. ಕರಗಿದ ತಾಮ್ರ ಮೀನಿಗೆ ವಿಷ. ಪಾಚಿ ತಡೆಯಲು ತಾವರೆ ಬೆಳೆಸಿ, ಎಲೆಗಳೇ ನೀರಿಗೆ ನೆರಳು ಕೊಡುತ್ತವೆ.

ಪ್ರಶ್ನೆ: ಸೊಳ್ಳೆ?

ಉತ್ತರ: ಗಪ್ಪಿ ಮೀನು ಬಿಡಿ, ನೀರು ನಿಲ್ಲಿಸಬೇಡಿ.

ಪ್ರಶ್ನೆ: ಮುಂಬೈ ಫ್ಲ್ಯಾಟ್‌ನ ಟೆರೇಸ್ ಮೇಲೆ ಇದೇ ಕೊಳ ಮಾಡಬಹುದಾ?

ಉತ್ತರ: ಒಂದಡಿ ನೀರೆಂದರೆ ಚದರ ಮೀಟರಿಗೆ ಸುಮಾರು 300 ಕೆಜಿ, ಕಲ್ಲು ಬಿಟ್ಟು. ಸ್ಟ್ರಕ್ಚರಲ್ ಎಂಜಿನಿಯರ್ ಬರೆದು ಸಹಿ ಹಾಕಿಕೊಟ್ಟ ಮೇಲೆ ನನ್ನನ್ನು ಕೇಳಿ.