ಬ್ರಿಟನ್ನಿನ ಲಿವರ್-ರಿಲೀಸ್ ರೈಫಲ್ ಮತ್ತು ಅರೆ ಸ್ವಯಂಚಾಲಿತದ ವ್ಯಾಖ್ಯೆ

ಒಂದೇ ಬಗೆಯ ಹೊರಕವಚವಿದ್ದರೂ ಬ್ರಿಟನ್ನಿನಲ್ಲಿ ಸ್ಟ್ರೇಟ್-ಪುಲ್ ರೈಫಲ್‌ಗೆ ಪರವಾನಗಿ ಸಿಗುತ್ತದೆ, ಲಿವರ್-ರಿಲೀಸ್ ರೈಫಲ್ ಮಾತ್ರ ಏಕೆ ನಿಷಿದ್ಧವಾಯಿತು ಎಂದು ತಾವು ಕೇಳಿದ್ದೀರಿ. ಉತ್ತರವಿರುವುದು ಬಂದೂಕಿನ ನೋಟದಲ್ಲಲ್ಲ, ಬೋಲ್ಟನ್ನು, ಅಂದರೆ ಹಿಂದೆ-ಮುಂದೆ ಸರಿದು ಖಾಲಿ ಕೋಶವನ್ನು ತೆಗೆದು ಹೊಸ ಗುಂಡನ್ನು ಸೇರಿಸುವ ಭಾಗವನ್ನು, ಚಲಿಸುವಂತೆ ಮಾಡುವ ಶಕ್ತಿಯ ಮೂಲದಲ್ಲಿ.

ಇಂಗ್ಲೆಂಡಿನ ಹಂಗರ್‌ಫರ್ಡ್ ಪಟ್ಟಣದಲ್ಲಿ 1987ರಲ್ಲಿ ನಡೆದ ಗುಂಡಿನ ಹತ್ಯಾಕಾಂಡದ ನಂತರ ಬಂದ ಬಂದೂಕು ಕಾಯ್ದೆಯ 1988ರ ತಿದ್ದುಪಡಿಯು, .22 ರಿಮ್‌ಫೈರ್ ಎಂಬ ಸಣ್ಣ ಗುಂಡಿನ ರೈಫಲ್‌ಗಳನ್ನು ಹೊರತುಪಡಿಸಿ, ತಾನೇ ಮರುಭರ್ತಿಯಾಗುವ (ಅರೆ ಸ್ವಯಂಚಾಲಿತ) ರೈಫಲ್‌ಗಳನ್ನು ನಿಷೇಧಿಸಿತು. ಅಂದರೆ ಕಾನೂನು ನೋಡುತ್ತಿದ್ದುದು ಮರುಭರ್ತಿಯನ್ನು. ಲಿವರ್-ರಿಲೀಸ್ ರೈಫಲ್‌ನಲ್ಲಿ ಗುಂಡು ಹಾರಿದಾಗ ಅನಿಲದ ಒತ್ತಡವೇ ಬೋಲ್ಟನ್ನು ಹಿಂದಕ್ಕೆ ತಳ್ಳಿ ಖಾಲಿ ಕೋಶವನ್ನು ಹೊರಹಾಕುತ್ತದೆ. ಆದರೆ ಬೋಲ್ಟ್ ಅಲ್ಲೇ ತಡೆದು ನಿಲ್ಲುತ್ತದೆ, ಹೆಬ್ಬೆರಳಿನಿಂದ ಲಿವರ್ ಒತ್ತಿದ ಮೇಲಷ್ಟೇ ಮುಂದೆ ಬಂದು ಹೊಸ ಗುಂಡನ್ನು ನಳಿಗೆಯ ಹಿಂಬದಿಯ ಕೋಣೆಗೆ ಸೇರಿಸುತ್ತದೆ. ಈ ಕ್ರಿಯೆಯ ಅರ್ಧ ಭಾಗ ಯಂತ್ರದ್ದು, ಉಳಿದರ್ಧಕ್ಕೆ ಮನುಷ್ಯನ ಅಪ್ಪಣೆ ಬೇಕು. ಹೀಗಾಗಿ ಅದು ಹಳೆಯ ವ್ಯಾಖ್ಯೆಯಿಂದ ಹೊರಗುಳಿಯಿತು. ಸ್ಟ್ರೇಟ್-ಪುಲ್‌ನಲ್ಲಾದರೋ ಬೋಲ್ಟನ್ನು ಪ್ರತಿಸಲವೂ ಕೈಯಿಂದಲೇ ಹಿಂದಕ್ಕೆ ಎಳೆಯಬೇಕು.

2019ರ ಅಪಾಯಕಾರಿ ಆಯುಧಗಳ ಕಾಯ್ದೆಯು ಮರುಭರ್ತಿಯ ಮಾತನ್ನು ಬಿಟ್ಟು, ಖಾಲಿ ಕೋಶವನ್ನು ಹೊರತೆಗೆಯುವ ಕ್ರಿಯೆಯನ್ನೇ ಹಿಡಿಯಿತು: ಆ ಶಕ್ತಿ ಸ್ಫೋಟದ ಅನಿಲದಿಂದ ನೇರವಾಗಿ ಬಂದರೂ, ಅನಿಲವು ಸ್ಪ್ರಿಂಗಿನಲ್ಲಿ ಕೂಡಿಟ್ಟದ್ದಾದರೂ, .22 ರಿಮ್‌ಫೈರ್ ಹೊರತುಪಡಿಸಿ, ರೈಫಲ್ ನಿಷಿದ್ಧ. ನನ್ನ ಅಭಿಪ್ರಾಯದಲ್ಲಿ ಇದು ಮೊದಲಿನದಕ್ಕಿಂತ ನಿಖರವಾದ ಬರವಣಿಗೆ, ಏಕೆಂದರೆ ಸ್ಪ್ರಿಂಗಿನ ಉಲ್ಲೇಖವು ಮುಂದಿನ ನುಣುಚುದಾರಿಯನ್ನೂ ಮುಚ್ಚುತ್ತದೆ. ಹೋಲಿಕೆಗೆ ನೋಡಿದರೆ, ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಹೊರತೆಗೆಯುವಿಕೆ ಮತ್ತು ಮರುಭರ್ತಿ ಎರಡೂ ಗುಂಡಿನ ಶಕ್ತಿಯಿಂದಲೇ ನಡೆದು, ಪ್ರತಿ ಗುಂಡಿಗೂ ಟ್ರಿಗರನ್ನು ಪ್ರತ್ಯೇಕವಾಗಿ ಎಳೆಯಬೇಕಾದ ರೈಫಲ್ ಮಾತ್ರ ಅರೆ ಸ್ವಯಂಚಾಲಿತ ಎನಿಸುತ್ತದೆ.